ಇಳಿದ ತೂಕ, ಉಳಿಯಬೇಕಾದ ಎಲುಬು

ಹೊರಗೆ ಕಾಣುವುದನ್ನು ಮೆಚ್ಚುವುದರಲ್ಲಿ ಮನುಷ್ಯನ ಕಣ್ಣು ಬಲು ಚುರುಕು. ಒಳಗಿನದನ್ನು ವಿಚಾರಿಸುವುದರಲ್ಲಿ ಅಷ್ಟೇ ಮಂದ. ಬೊಜ್ಜಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಆರು ತಿಂಗಳ ತರುವಾಯ ನೆಂಟರ ಮನೆಯ ಮದುವೆಗೆ ಹೋದರೆ ಎಲ್ಲರೂ ಅವರನ್ನು ಸುತ್ತುಗಟ್ಟುತ್ತಾರೆ. “ಎಷ್ಟು ಕಿಲೋ ಇಳಿದಿರಿ?” ಎಂಬುದು ಮೊದಲನೆಯ ಪ್ರಶ್ನೆ, “ಎಷ್ಟು ಖರ್ಚಾಯಿತು?” ಎಂಬುದು ಎರಡನೆಯದು. “ಸುಣ್ಣದ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ? ಡಿ ಜೀವಸತ್ತ್ವದ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?” ಎಂದು ಕೇಳುವವರು ಆ ಚಪ್ಪರದಲ್ಲಿ ಒಬ್ಬರೂ ಸಿಕ್ಕಲಾರರು. ಕೇಳದಿರುವುದು ಅವರ ತಪ್ಪಲ್ಲ. ಅಂಥದೊಂದು ಪ್ರಶ್ನೆ ಇದೆಯೆಂಬುದನ್ನೇ ಅವರಿಗೆ ಯಾರೂ ಹೇಳಿಲ್ಲ. ಎಷ್ಟೋ ವೇಳೆ ಶಸ್ತ್ರಚಿಕಿತ್ಸೆಯಾದವರಿಗೂ ಅದನ್ನು ಮನಸ್ಸಿಗೆ ನಾಟುವಂತೆ ಹೇಳಿರುವುದಿಲ್ಲ. ಈ ಮೌನವನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಮೊದಲಿಗೆ ಒಂದು ಅಪಾರ್ಥವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯೆಂದರೆ ಬಾಯಿ ಕಟ್ಟಲಾರದವರ ಅಡ್ಡದಾರಿ, ಸಿರಿವಂತರ ಗೀಳು ಎಂದು ಹಗುರವಾಗಿ ಆಡುವವರು ಉಂಟು. ವಿಷಯವನ್ನು ಬಲ್ಲವರು ಹಾಗೆ ಆಡಲಾರರು. ಅತಿಯಾದ ಬೊಜ್ಜು ಸಿಹಿಮೂತ್ರ, ರಕ್ತದ ಒತ್ತಡ, ಹೃದ್ರೋಗ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಇವೆಲ್ಲವನ್ನೂ ಬೆನ್ನಹಿಂದೆ ಕರೆತರುವ ವ್ಯಾಧಿ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ನೂರಕ್ಕೆ ೨೪ ಮಂದಿ, ಗಂಡಸರಲ್ಲಿ ನೂರಕ್ಕೆ ಸುಮಾರು ೨೩ ಮಂದಿ ಇರಬೇಕಾದುದಕ್ಕಿಂತ ಹೆಚ್ಚು ತೂಕವುಳ್ಳವರು. ಇವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗಿಲ್ಲವೆಂಬುದು ನಿಜ. ಬೇಕಾದ ಕೆಲವರಿಗಾದರೋ ಅದು ಪ್ರಾಣರಕ್ಷಕವೇ ಸರಿ. ಸ್ವೀಡನ್ ದೇಶದಲ್ಲಿ ೧೯೮೭ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವೊಂದು, ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸಾವಿನ ಪ್ರಮಾಣ ಒಳಗಾಗದ ಸ್ಥೂಲಕಾಯರಿಗಿಂತ ಕಡಿಮೆಯೆಂದು ೨೦೦೭ರಲ್ಲಿ ತೋರಿಸಿಕೊಟ್ಟಿತು. ಆದುದರಿಂದ ನಮ್ಮ ದೂರು ಶಸ್ತ್ರಚಿಕಿತ್ಸೆಯ ಮೇಲಲ್ಲ; ಹೊಲಿಗೆ ಬಿಚ್ಚಿದ ದಿನ ಚಿಕಿತ್ಸೆಯೂ ಮುಗಿಯಿತೆಂದು ತಿಳಿಯುವ ನಮ್ಮ ಅಭ್ಯಾಸದ ಮೇಲೆ.

ಈ ವಿದ್ಯೆಯ ಚರಿತ್ರೆಯೇ ನಮಗೆ ಪಾಠವಾಗಬೇಕು. ೧೯೫೪ರಲ್ಲಿ ಅಮೆರಿಕದ ಮಿನ್ನೆಸೋಟಾದ ವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ಬಿಟ್ಟು ಆಹಾರ ನೇರವಾಗಿ ಕೊನೆಯ ಭಾಗಕ್ಕೆ ಹಾಯುವಂತೆ ಮಾಡುವ ಕ್ರಮವನ್ನು ವರದಿಮಾಡಿದರು. ತೂಕವೇನೋ ಇಳಿಯಿತು, ಅದರೊಡನೆ ಯಕೃತ್ತು ಕೆಟ್ಟಿತು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು, ಎಲುಬು ಸವೆಯಿತು. ಮುಂದೆ ಆ ಕ್ರಮವನ್ನೇ ಕೈಬಿಡಬೇಕಾಯಿತು. ೧೯೬೬ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಜಠರವನ್ನು ಕಿರಿದುಗೊಳಿಸಿ ಕರುಳಿಗೆ ಜೋಡಿಸುವ ಹೊಸ ದಾರಿಯನ್ನು ತೆರೆದರು. ಈಗ ನಮ್ಮ ದೊಡ್ಡ ಊರುಗಳಲ್ಲಿ ನಡೆಯುವ ‘ಬೈಪಾಸ್’ ಎಂಬುದು ಅದರ ಸಂತತಿ. ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು ಉಳಿದುದನ್ನು ಅಂಗಿಯ ತೋಳಿನಂಥ ಕೊಳವೆಯಾಗಿ ಮಾಡುವ ‘ಸ್ಲೀವ್’ ಎಂಬುದು ಇನ್ನೊಂದು ಬಗೆ. ಇವು ಹಿಂದಿನದಕ್ಕಿಂತ ಎಷ್ಟೋ ಸುರಕ್ಷಿತ. ಆದರೂ ಮೊದಲ ಪ್ರಯೋಗ ಎತ್ತಿದ ಪ್ರಶ್ನೆಯನ್ನು ಇವು ಅಳಿಸಿಹಾಕಿಲ್ಲ. ಉಣ್ಣುವ ದಾರಿಯನ್ನು ಬದಲಿಸಿದ ಮೇಲೆ, ಆ ದಾರಿಯಲ್ಲಿ ನಮಗೆ ದಕ್ಕುತ್ತಿದ್ದ ಪದಾರ್ಥಗಳ ಗತಿಯೇನು?

ಸುಣ್ಣದ ವಿಷಯದಲ್ಲಿ ಇದರ ಉತ್ತರ ಸ್ಪಷ್ಟವಾಗಿದೆ. ಇಲ್ಲಿ ಸುಣ್ಣವೆಂದರೆ ವೈದ್ಯರು ಹೇಳುವ ಕ್ಯಾಲ್ಸಿಯಂ. ಜಠರದಿಂದ ಹೊರಬಿದ್ದೊಡನೆ ಸಿಗುವ ಕರುಳಿನ ಮೊದಲ ತುಂಡಿಗೆ ಡುವೊಡಿನಮ್ ಎಂದು ಹೆಸರು; ಹನ್ನೆರಡು ಬೆರಳಗಲದಷ್ಟು ಉದ್ದವೆಂಬ ಅರ್ಥದಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಆಹಾರದಲ್ಲಿರುವ ಸುಣ್ಣವನ್ನು ಹುಡುಕಿ ಹಿಡಿದು ರಕ್ತಕ್ಕೆ ಸೇರಿಸುವ ಚುರುಕಾದ ಏರ್ಪಾಡು ಇರುವುದು ಮುಖ್ಯವಾಗಿ ಈ ತುಂಡಿನಲ್ಲಿ ಮತ್ತು ಅದರ ಮುಂದಿನ ಭಾಗದಲ್ಲಿ. ಬೈಪಾಸ್ ಆದವರಲ್ಲಿ ಅನ್ನವು ಈ ಭಾಗವನ್ನು ಮುಟ್ಟದೆ ಕೆಳಕ್ಕೆ ಇಳಿಯುತ್ತದೆ. ಇನ್ನು ಕೆಲವು ರೂಪದ ಸುಣ್ಣ ಕರಗಬೇಕಾದರೆ ಜಠರದ ಹುಳಿರಸ ಬೇಕು. ಜಠರವೇ ಕಿರಿದಾದಮೇಲೆ ಆ ರಸವೂ ಕಡಿಮೆ. ಅದರ ಮೇಲೆ, ಒಂದು ಹೊತ್ತಿಗೆ ಉಣ್ಣಬಲ್ಲುದೇ ಒಂದು ಪುಟ್ಟ ಬಟ್ಟಲಿನಷ್ಟು. ಹೀಗೆ ಬರುವುದೂ ಕಡಿಮೆ, ಬಂದದ್ದು ಕರಗುವುದೂ ಕಡಿಮೆ, ಕರಗಿದ್ದು ಒಳಸೇರುವುದೂ ಕಡಿಮೆ. ಮೂರು ಕಡೆಯಿಂದಲೂ ಕೊರತೆ.

ಬಯಲುಸೀಮೆಯ ಹಳೆಯ ಊರುಗಳಲ್ಲಿ ಹಗೇವು ಎಂಬುದೊಂದಿತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲದಲ್ಲಿ ಅದೇ ಮನೆಯನ್ನು ಕಾಯುತ್ತಿತ್ತು. ನಮ್ಮ ಅಸ್ಥಿಪಂಜರವೂ ಅಂಥದೇ ಹಗೇವು. ದೇಹದಲ್ಲಿರುವ ಸುಣ್ಣದಲ್ಲಿ ನೂರಕ್ಕೆ ೯೯ ಪಾಲು ಎಲುಬು ಹಲ್ಲುಗಳಲ್ಲಿದೆ. ರಕ್ತದಲ್ಲಿ ಓಡಾಡುವುದು ಅತ್ಯಲ್ಪ. ಆದರೆ ಆ ಅತ್ಯಲ್ಪವೇ ಹೃದಯ ಬಡಿಯುವುದಕ್ಕೆ, ಸ್ನಾಯು ಕುಗ್ಗಿ ಹಿಗ್ಗುವುದಕ್ಕೆ, ನರಗಳು ಸುದ್ದಿ ಸಾಗಿಸುವುದಕ್ಕೆ ಬೇಕು, ಅದು ಕಡಿಮೆಯಾಗುವಂತಿಲ್ಲ. ಅದನ್ನು ಕಾಯಲು ಕತ್ತಿನಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯಿಡ್ ಗ್ರಂಥಿಗಳಿವೆ. ಅವನ್ನು ಮನೆಯ ಪಾರುಪತ್ಯಗಾರರೆನ್ನಬಹುದು. ಹೊರಗಿನಿಂದ ಸುಣ್ಣ ಬರುವುದು ಕಡಿಮೆಯಾದೊಡನೆ ಅವು ತಮ್ಮ ರಸವನ್ನು ಹೆಚ್ಚಾಗಿ ಸುರಿಸಿ, ಹಗೇವಿನ ಬಾಯಿ ತೆಗೆಸಿ, ಎಲುಬಿನ ಸುಣ್ಣವನ್ನು ರಕ್ತಕ್ಕೆ ಇಳಿಸುತ್ತವೆ. ಮನೆಯಲ್ಲಿ ಒಲೆ ಉರಿಯುತ್ತಲೇ ಇರುತ್ತದೆ, ಊಟ ನಿಲ್ಲುವುದಿಲ್ಲ, ಕಣಜ ಬರಿದಾಗುತ್ತಿರುವುದು ಮಾತ್ರ ಯಾರಿಗೂ ಕಾಣುವುದಿಲ್ಲ.

ಇಲ್ಲಿಯೇ ಅನೇಕರು ಮೋಸಹೋಗುವುದು. ರಕ್ತಪರೀಕ್ಷೆ ಮಾಡಿಸುತ್ತಾರೆ, ಚೀಟಿಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆಯೆಂದು ಬರುತ್ತದೆ, “ಇನ್ನೇನು, ಮಾತ್ರೆ ಬೇಡ” ಎಂದು ನಿಲ್ಲಿಸಿಬಿಡುತ್ತಾರೆ. ಆ ಅಂಕಿ ಸರಿಯಾಗಿರುವುದು ಊಟದ ಸುಣ್ಣದಿಂದಲೋ ಎಲುಬಿನ ಸುಣ್ಣದಿಂದಲೋ ಎಂಬುದನ್ನು ಆ ಚೀಟಿ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಕ್ಯಾಲ್ಸಿಯಂ ಜೊತೆಗೆ ಡಿ ಜೀವಸತ್ತ್ವದ ಮಟ್ಟ, ಪ್ಯಾರಾಥೈರಾಯಿಡ್ ರಸದ ಮಟ್ಟ, ಆಲ್ಕಲೈನ್ ಫಾಸ್ಫಟೇಸ್ ಇವನ್ನೂ ನೋಡಬೇಕು. ಕ್ಯಾಲ್ಸಿಯಂ ಸರಿಯಾಗಿದ್ದು ಪ್ಯಾರಾಥೈರಾಯಿಡ್ ರಸ ಏರಿದ್ದರೆ ಪಾರುಪತ್ಯಗಾರರು ಹಗೇವಿನ ಬಾಯಿ ತೆರೆದಿದ್ದಾರೆಂದೇ ಅರ್ಥ. ಮೊದಲ ವರ್ಷದಲ್ಲಿ ಹಲವು ಬಾರಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ಈ ಲೆಕ್ಕ ನೋಡಿಸತಕ್ಕದ್ದು. ಎಲುಬಿನ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಚಿತ್ರವನ್ನು ಶಸ್ತ್ರಚಿಕಿತ್ಸೆಯಾದ ಎರಡು ವರ್ಷದ ಸುಮಾರಿಗೆ ತೆಗೆಸುವುದೂ ವಿಹಿತ.

ಡಿ ಜೀವಸತ್ತ್ವದ ಪಾತ್ರವನ್ನು ಹೇಳದೆ ಸುಣ್ಣದ ಕಥೆ ಪೂರ್ತಿಯಾಗದು. ಕರುಳಿನ ಬಾಗಿಲಿನಲ್ಲಿ ಸುಣ್ಣವನ್ನು ಒಳಕ್ಕೆ ಬಿಟ್ಟುಕೊಳ್ಳುವ ಅಪ್ಪಣೆ ಕೊಡುವುದೇ ಅದು. ಹಿಂದೆ ಯೂರೋಪಿನ ಹೊಗೆ ತುಂಬಿದ ಪಟ್ಟಣಗಳಲ್ಲಿ ಎಳೆಯ ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತಿದ್ದುವು. ಲಂಡನ್ನಿನ ಎಡ್ವರ್ಡ್ ಮೆಲನ್‌ಬಿ ೧೯೧೯ರಲ್ಲಿ ನಾಯಿಮರಿಗಳ ಮೇಲೆ ಪ್ರಯೋಗ ನಡೆಸಿ, ಆಹಾರದ ಕೊರತೆಯಿಂದ ಆ ರೋಗ ಬರುವುದನ್ನೂ ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಅದು ದೂರವಾಗುವುದನ್ನೂ ತೋರಿಸಿದರು. ಅದೇ ವರ್ಷ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ನೇರಿಳಾತೀತ ಬೆಳಕಿನ ದೀಪದಿಂದಲೇ ಮಕ್ಕಳನ್ನು ಗುಣಪಡಿಸಿದರು. ಎಣ್ಣೆಗೂ ಬೆಳಕಿಗೂ ಏನು ಸಂಬಂಧವೆಂದು ಲೋಕ ಬೆರಗಾಯಿತು. ಸೂರ್ಯನ ಕಿರಣದ ಒಂದು ಅಂಶವು ಚರ್ಮದಲ್ಲಿರುವ ಜಿಡ್ಡಿನ ಪದಾರ್ಥವೊಂದನ್ನು ಮಾರ್ಪಡಿಸಿ ಈ ಜೀವಸತ್ತ್ವವನ್ನು ಹುಟ್ಟಿಸುತ್ತದೆಯೆಂದು ಮುಂದೆ ತಿಳಿಯಿತು. ಅದು ಯಕೃತ್ತಿನಲ್ಲೊಮ್ಮೆ, ಮೂತ್ರಪಿಂಡದಲ್ಲೊಮ್ಮೆ ಸಂಸ್ಕಾರಗೊಂಡು ಕೆಲಸಕ್ಕೆ ಸಿದ್ಧವಾಗುತ್ತದೆ.

ಸ್ಥೂಲಕಾಯರಿಗೆ ಇದರಲ್ಲೊಂದು ವಿಶೇಷವಾದ ತೊಡಕಿದೆ. ಡಿ ಜೀವಸತ್ತ್ವ ಕೊಬ್ಬಿನಲ್ಲಿ ಕರಗತಕ್ಕದ್ದು. ಮೈಯಲ್ಲಿ ಕೊಬ್ಬು ಹೆಚ್ಚಿದ್ದಷ್ಟೂ ಅದು ಅಲ್ಲಿ ಅಡಗಿ ರಕ್ತಕ್ಕೆ ಸಿಗುವುದು ಕಡಿಮೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಬಹುಮಂದಿ ಬರುವಾಗಲೇ ಈ ಜೀವಸತ್ತ್ವದ ಬಡವರಾಗಿರುತ್ತಾರೆ. ದೊಡ್ಡ ದೇಹ, ಬಡವಾದ ರಕ್ತ! ಕೊರತೆಯನ್ನು ಕತ್ತರಿ ಹಿಡಿಯುವ ಮೊದಲೇ ಪರೀಕ್ಷಿಸಿ ತುಂಬಬೇಕೆಂಬುದು ಇದರಿಂದ ಬರುವ ನೀತಿ. ಬರಗಾಲ ಬರುವುದೆಂದು ನಿಶ್ಚಯವಾಗಿ ತಿಳಿದಿರುವ ರೈತ ಕಣಜ ತುಂಬದೆ ಕೂತಾನೆಯೆ?

“ನಮ್ಮದು ಬಿಸಿಲಿನ ನಾಡು, ನಮಗೇಕೆ ಡಿ ಮಾತ್ರೆ?” ಎಂದು ಕೇಳುವವರಿದ್ದಾರೆ. ಬಿಸಿಲೇನೋ ಧಾರಾಳವಾಗಿದೆ, ಅದಕ್ಕೆ ಮೈಯೊಡ್ಡುವವರು ಯಾರು? ಮನೆಯಿಂದ ಬಸ್ಸಿಗೆ, ಬಸ್ಸಿನಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಎಂಬಂತೆ ನಮ್ಮ ದಿನ ನೆರಳಿನಿಂದ ನೆರಳಿಗೆ ದಾಟುತ್ತದೆ. ಕಿಟಕಿಯ ಗಾಜು ಬೇಕಾದ ಕಿರಣವನ್ನು ತಡೆದುಬಿಡುತ್ತದೆ. ಕಪ್ಪು ಚರ್ಮಕ್ಕೆ ಬಿಳಿಯ ಚರ್ಮಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಎಳೆಬಿಸಿಲಿನಲ್ಲಿ ಕುಳಿತರೆ ಸಾಕೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಸೂರ್ಯ ಕೆಳಗಿದ್ದಾಗ ಆ ಕಿರಣ ನೆಲಕ್ಕೆ ತಲಪುವುದು ಬಹಳ ಕಡಿಮೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಮೋಟಾಗಿರುವ ಹೊತ್ತು ಅದಕ್ಕೆ ತಕ್ಕ ಹೊತ್ತು. ಹಾಗೆಂದ ಮಾತ್ರಕ್ಕೆ ಬಿಸಿಲನ್ನು ಕಡೆಗಣಿಸಬೇಕಿಲ್ಲ. ಚರ್ಮದಲ್ಲಿ ಹುಟ್ಟಿದ ಜೀವಸತ್ತ್ವಕ್ಕೆ ಕರುಳಿನ ಹಂಗಿಲ್ಲವಾದ್ದರಿಂದ, ಕರುಳಿನ ದಾರಿ ಬದಲಾದವರಿಗೆ ಅದೊಂದು ಒಳ್ಳೆಯ ನೆರವು. ಆದರೆ ನೆರವು ಬೇರೆ, ಆಧಾರ ಬೇರೆ. ಅದನ್ನೊಂದನ್ನೇ ನಂಬಿ ಮಾತ್ರೆಯನ್ನು ಬಿಡುವುದು ವಿವೇಕವಲ್ಲ.

ಮಾತ್ರೆಯ ಲೆಕ್ಕವಾದರೂ ಏನು? ಅಮೆರಿಕದ ಬೊಜ್ಜು ಶಸ್ತ್ರವೈದ್ಯರ ಸಂಘ ೨೦೧೬ರಲ್ಲಿ ಪರಿಷ್ಕರಿಸಿದ ಸೂಚನೆಗಳ ಪ್ರಕಾರ, ಸ್ಲೀವ್ ಅಥವಾ ಬೈಪಾಸ್ ಆದವರಿಗೆ ಆಹಾರ ಮಾತ್ರೆಗಳೆರಡೂ ಸೇರಿ ದಿನಕ್ಕೆ ೧,೨೦೦ರಿಂದ ೧,೫೦೦ ಮಿಲಿಗ್ರಾಂ ಸುಣ್ಣ ಬೇಕು. ಕರುಳನ್ನು ಇನ್ನೂ ಹೆಚ್ಚು ಬಳಸಿ ಹೋಗುವ ಶಸ್ತ್ರಚಿಕಿತ್ಸೆಗಳಲ್ಲಿ ೧,೮೦೦ರಿಂದ ೨,೪೦೦. ಡಿ ಜೀವಸತ್ತ್ವ ದಿನಕ್ಕೆ ಸುಮಾರು ೩,೦೦೦ ಅಂತರರಾಷ್ಟ್ರೀಯ ಯೂನಿಟ್, ರಕ್ತದಲ್ಲಿ ಅದರ ಮಟ್ಟ ಮಿಲಿಲೀಟರಿಗೆ ೩೦ ನ್ಯಾನೋಗ್ರಾಂ ದಾಟುವವರೆಗೆ. ಒಬ್ಬೊಬ್ಬರ ಅಳತೆಯನ್ನು ಅವರವರ ವೈದ್ಯರೇ ನಿರ್ಧರಿಸಬೇಕಾದರೂ, ಕೆಲವು ತತ್ತ್ವಗಳು ಎಲ್ಲರಿಗೂ ಸಮಾನ. ಕರುಳು ಒಂದು ಸಲಕ್ಕೆ ೫೦೦–೬೦೦ ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣವನ್ನು ಚೆನ್ನಾಗಿ ಹೀರದು. ಆದ್ದರಿಂದ ಮೂರು ಹೊತ್ತಿನದನ್ನು ಒಂದೇ ಹೊತ್ತಿಗೆ ನುಂಗಿ ಕರ್ತವ್ಯ ಮುಗಿಯಿತೆನ್ನಬಾರದು. ಕಬ್ಬಿಣದ ಮಾತ್ರೆಯನ್ನು ಸುಣ್ಣದಿಂದ ಎರಡು ಗಂಟೆ ದೂರದಲ್ಲಿ ತೆಗೆದುಕೊಳ್ಳಬೇಕು. ಜೊತೆಗೂಡಿಸಿದರೆ ಒಂದು ಇನ್ನೊಂದರ ದಾರಿಗೆ ಅಡ್ಡಬರುತ್ತದೆ. ಥೈರಾಯಿಡಿನ ಮಾತ್ರೆಗೂ ಸುಣ್ಣಕ್ಕೂ ನಡುವೆ ನಾಲ್ಕು ಗಂಟೆ ಇರಬೇಕು.

ಯಾವ ಸುಣ್ಣ ಎಂಬುದೂ ಮುಖ್ಯ. ಪೇಟೆಯಲ್ಲಿ ಅಗ್ಗವಾಗಿ ಸಿಗುವುದು ಕಾರ್ಬೊನೇಟ್. ಅದು ಕರಗಲು ಹುಳಿರಸ ಬೇಕಾದ್ದರಿಂದ ಊಟದ ಜೊತೆಯಲ್ಲಿಯೇ ತೆಗೆದುಕೊಳ್ಳತಕ್ಕದ್ದು. ಸಿಟ್ರೇಟ್ ಎಂಬುದಕ್ಕೆ ಆ ನಿರ್ಬಂಧವಿಲ್ಲ. ಕಿರಿದಾದ ಜಠರಕ್ಕೆ ಅದು ಹೆಚ್ಚು ಒಗ್ಗುತ್ತದೆ. ಆದರೆ ಅದಕ್ಕೆ ಬೆಲೆ ಹೆಚ್ಚು, ಲೆಕ್ಕದಲ್ಲೊಂದು ಮರ್ಮವೂ ಇದೆ. ಕಾರ್ಬೊನೇಟಿನಲ್ಲಿ ನಿಜವಾದ ಸುಣ್ಣ ನೂರಕ್ಕೆ ೪೦ ಪಾಲು; ಸಿಟ್ರೇಟಿನಲ್ಲಿ ೨೧ ಪಾಲು ಮಾತ್ರ. ೧,೨೫೦ ಮಿಲಿಗ್ರಾಂ ಕಾರ್ಬೊನೇಟಿನ ಮಾತ್ರೆ ಕೊಡುವುದು ೫೦೦ ಮಿಲಿಗ್ರಾಂ ಸುಣ್ಣ. ೧,೦೦೦ ಮಿಲಿಗ್ರಾಂ ಸಿಟ್ರೇಟಿನ ಮಾತ್ರೆ ಕೊಡುವುದು ೨೧೦. ಡಬ್ಬಿಯ ಮೇಲೆ ‘೧,೦೦೦’ ಎಂಬ ಅಂಕಿಯನ್ನು ಕಂಡು ದಿನಕ್ಕೊಂದು ಸಾಕೆಂದು ಸಮಾಧಾನಪಟ್ಟುಕೊಂಡವರಿಗೆ ಬೇಕಾದುದರಲ್ಲಿ ಐದನೆಯ ಒಂದು ಪಾಲೂ ದಕ್ಕಿರುವುದಿಲ್ಲ. ಇದನ್ನು ಔಷಧದಂಗಡಿಯವರು ಹೇಳುವುದಿಲ್ಲ. ಚೀಟಿ ಬರೆದ ವೈದ್ಯರಿಗೆ ಬಿಡಿಸಿ ಹೇಳಲು ಪುರಸತ್ತಿರುವುದಿಲ್ಲ.

ರಾಗಿ ಉಣ್ಣುವ ನಾಡಿನವರಾದ ನಮಗೆ ಇನ್ನೊಂದು ಆಕ್ಷೇಪ ಸಹಜವಾಗಿಯೇ ತೋರುತ್ತದೆ. ರಾಗಿಯಲ್ಲಿ ಸುಣ್ಣ ತುಂಬಿದೆಯಲ್ಲವೆ? ಹೌದು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ೧೦೦ ಗ್ರಾಂ ರಾಗಿಗೆ ಸುಮಾರು ೩೬೪ ಮಿಲಿಗ್ರಾಂ ಸುಣ್ಣ ಕಾಣುತ್ತದೆ. ಧಾನ್ಯಗಳಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ಆದರೆ ರಾಗಿಯೊಂದರಿಂದಲೇ ೧,೨೦೦ ಮಿಲಿಗ್ರಾಂ ಪಡೆಯಬೇಕಾದರೆ ದಿನಕ್ಕೆ ಕಾಲು ಕಿಲೋಗೂ ಮೀರಿದ ಹಿಟ್ಟು ಬೇಕು. ಜಠರದಲ್ಲಿ ಅಷ್ಟು ಜಾಗವೆಲ್ಲಿ? ರಾಗಿಯ ಫೈಟೇಟ್ ಎಂಬ ಅಂಶವೂ ಸುಣ್ಣವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಅದೂ ಅಲ್ಲದೆ, ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ಹಳೆಯ ಮೈಸೂರು ಸೀಮೆಯ ಮಕ್ಕಳ ಮೊದಲ ಪಾಠ. ಪ್ರತಿಯೊಂದು ತುತ್ತನ್ನೂ ನುಣ್ಣಗೆ ಅಗಿಯಬೇಕು ಎಂಬುದು ಶಸ್ತ್ರಚಿಕಿತ್ಸೆಯಾದವರ ಮೊದಲ ಪಾಠ. ಎರಡಕ್ಕೂ ಹೊಂದದು. ಹಾಗಾದರೆ ರಾಗಿಯನ್ನು ಬಿಡಬೇಕೆ? ಬೇಡ. ಮೊಳಕೆ ಬರಿಸಿ ಒಣಗಿಸಿದ ರಾಗಿಯಲ್ಲಿ ಆ ಫೈಟೇಟಿನ ಹಿಡಿತ ಸಡಿಲವಾಗುತ್ತದೆ. ಆ ಹಿಟ್ಟಿನ ತೆಳುವಾದ ಅಂಬಲಿ, ಮಜ್ಜಿಗೆ, ಮೊಸರು, ನುಗ್ಗೆಸೊಪ್ಪು, ಎಳ್ಳು ಇವೆಲ್ಲ ಊಟದಲ್ಲಿ ಇರಲಿ. ಇವು ಮಾತ್ರೆಯ ಜೊತೆಗಾರರೇ ಹೊರತು ಬದಲಿಗಳಲ್ಲ. ತಾಂಬೂಲದ ಸುಣ್ಣವನ್ನು ಮೊಸರಿನಲ್ಲಿ ಕಲಸಿ ತಿನ್ನಿರೆಂಬ ಬುದ್ಧಿವಾದವನ್ನಂತೂ ದೂರವಿಡಬೇಕು. ಅಳತೆಯಿಲ್ಲದ, ಬಾಯನ್ನೇ ಸುಡಬಲ್ಲ ಆ ವಸ್ತು ಹೊಲಿಗೆ ಹಾಕಿದ ಜಠರಕ್ಕೆ ತಕ್ಕದ್ದಲ್ಲ.

ಕೊರತೆಯ ಭಯವನ್ನು ಹೇಳಿದಂತೆ ಅತಿಯ ಭಯವನ್ನೂ ಹೇಳಬೇಕು. ೬೦,೦೦೦ ಯೂನಿಟ್ಟಿನ ಡಿ ಜೀವಸತ್ತ್ವದ ಪುಡಿ ಅಥವಾ ಗುಳಿಗೆಯನ್ನು ವಾರಕ್ಕೊಂದರಂತೆ ಕೆಲವು ವಾರ ತೆಗೆದುಕೊಳ್ಳಲು ವೈದ್ಯರು ಬರೆದುಕೊಡುವುದು ನಮ್ಮಲ್ಲಿ ವಾಡಿಕೆ. ಅದನ್ನು ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಮುಂದುವರಿಸುವವರೂ, ವಾರದ್ದನ್ನು ದಿನದ್ದೆಂದು ತಿಳಿಯುವವರೂ ಇಲ್ಲದಿಲ್ಲ. ಹೆಚ್ಚಾದ ಡಿ ಜೀವಸತ್ತ್ವ ಮೂತ್ರದಲ್ಲಿ ಹರಿದುಹೋಗುವುದಿಲ್ಲ. ಮೈಯಲ್ಲಿ ಸೇರಿಕೊಂಡು ರಕ್ತದ ಸುಣ್ಣವನ್ನು ಏರಿಸಿ ಮೂತ್ರಪಿಂಡವನ್ನು ಕೆಡಿಸಬಲ್ಲುದು. ಮೂತ್ರಪಿಂಡದ ಕಲ್ಲಿನ ಹೆದರಿಕೆಯಿಂದ ಸುಣ್ಣದ ಮಾತ್ರೆಯನ್ನೇ ಬಿಡುವುದು ಇದರ ಎದುರು ತುದಿಯ ತಪ್ಪು. ಬೈಪಾಸ್ ಆದವರಲ್ಲಿ ಕಲ್ಲಿಗೆ ಹೆಚ್ಚಾಗಿ ಕಾರಣವಾಗುವುದು ಆಹಾರದ ಆಕ್ಸಲೇಟ್; ಊಟದೊಡನೆ ಹೋದ ಸುಣ್ಣ ಅದನ್ನು ಕರುಳಿನಲ್ಲಿಯೇ ಕಟ್ಟಿಹಾಕಿ ಹೊರಹಾಕುತ್ತದೆ. ಭಯಕ್ಕೂ ಧೈರ್ಯಕ್ಕೂ ಪರೀಕ್ಷೆಯ ಆಧಾರವಿರಬೇಕು.

ಎಲುಬು ಸವೆಯುವುದಕ್ಕೆ ಸುಣ್ಣ ಮತ್ತು ಡಿ ಜೀವಸತ್ತ್ವಗಳ ಕೊರತೆ ಮಾತ್ರವೇ ಕಾರಣವಲ್ಲ. ಹೊರೆ ಹೊತ್ತ ಎಲುಬು ಗಟ್ಟಿಯಾಗುತ್ತದೆ. ಹೊರೆ ಇಳಿದಾಗ ತಾನೂ ಹಗುರಾಗುತ್ತದೆ. ಕರುಳಿನ ಚೋದಕರಸಗಳು ಬದಲಾಗುತ್ತವೆ. ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಆದ್ದರಿಂದ ಸಾಕಷ್ಟು ಬೇಳೆಕಾಳು, ಮೊಟ್ಟೆ, ಹಾಲಿನ ಪದಾರ್ಥಗಳೂ, ನಡಿಗೆಯೂ, ತಕ್ಕಮಟ್ಟಿಗೆ ಭಾರ ಎತ್ತುವ ವ್ಯಾಯಾಮವೂ ಮಾತ್ರೆಯಷ್ಟೇ ಅವಶ್ಯ. ಇದೆಲ್ಲ ಕೇವಲ ತರ್ಕವಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಶಸ್ತ್ರಚಿಕಿತ್ಸೆಯಾದ ೧೨,೦೦೦ಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ನೋಡಿದ ಅಧ್ಯಯನವೊಂದು ೨೦೧೬ರಲ್ಲಿ ಪ್ರಕಟವಾಯಿತು. ಇವರಲ್ಲಿ ಎಲುಬು ಮುರಿಯುವುದು ಇತರ ಸ್ಥೂಲಕಾಯರಿಗಿಂತಲೂ ಸಾಮಾನ್ಯ ಮೈಕಟ್ಟಿನವರಿಗಿಂತಲೂ ಹೆಚ್ಚೆಂದು ಅದರಲ್ಲಿ ಕಂಡುಬಂತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ಮುಟ್ಟು ನಿಂತಮೇಲೆ ಎಲುಬು ಸವೆಯುವುದು ಅವರಲ್ಲಿಯೇ ವೇಗ. ನಲವತ್ತರಲ್ಲಿ ತೂಕ ಇಳಿಸಿಕೊಂಡು ಹರ್ಷಪಟ್ಟ ತಾಯಿ ಅರವತ್ತರಲ್ಲಿ ಬಚ್ಚಲಿನಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರೆ, ಇಪ್ಪತ್ತು ವರ್ಷ ಹಿಂದಿನ ಮರೆವಿಗೂ ಅದಕ್ಕೂ ಇರುವ ನಂಟನ್ನು ಯಾರು ನೆನೆದಾರು? ಅದಕ್ಕೆ ಮುಂಚೆಯೇ ಮೈ ಕೆಲವು ಸೂಚನೆ ಕೊಡುವುದುಂಟು: ತುಟಿ ಬೆರಳುಗಳಲ್ಲಿ ಜುಮ್ಮೆನ್ನುವುದು, ಮೀನಖಂಡ ಹಿಡಿದುಕೊಳ್ಳುವುದು, ಸೊಂಟ ಪಕ್ಕೆಗಳಲ್ಲಿ ಮಂದವಾದ ನೋವು, ನೆಲದ ಮೇಲೆ ಕುಳಿತವರಿಗೆ ಕೈಯೂರದೆ ಏಳಲಾಗದಿರುವುದು. ಇವನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕುವುದು ನಮ್ಮ ಮನೆಗಳ ರೂಢಿ.

ಇಷ್ಟೆಲ್ಲ ತಿಳಿದಿದ್ದರೂ ಜನ ಮಾತ್ರೆಯನ್ನೇಕೆ ಬಿಡುತ್ತಾರೆ? ಅವರನ್ನೇ ದೂರುವುದು ಸುಲಭ, ನ್ಯಾಯವಲ್ಲ. ನೋವಿದ್ದಾಗ ಔಷಧಿಯನ್ನು ಯಾರೂ ಮರೆಯುವುದಿಲ್ಲ. ಮೈ ಹಗುರವಾಗಿ ಮನಸ್ಸು ಉಲ್ಲಾಸವಾಗಿರುವಾಗ ದಿನಕ್ಕೆ ಮೂರು ಸಲ ಮಾತ್ರೆ ನುಂಗುವುದಕ್ಕೆ ತಪಸ್ವಿಯ ನಿಷ್ಠೆ ಬೇಕು. ಖರ್ಚೂ ಇದೆ. ಆರೋಗ್ಯವಿಮೆಯ ನಿಯಮಗಳನ್ನು ೨೦೧೯ರಲ್ಲಿ ಒಂದೇ ಮಾದರಿಗೆ ತಂದಮೇಲೆ, ಷರತ್ತುಗಳನ್ನು ಪೂರೈಸಿದ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ವಿಮೆಯ ಬಾಗಿಲು ತೆರೆದಿದೆ. ಆದರೆ ಆಸ್ಪತ್ರೆಯಲ್ಲಿ ಮಲಗಿದ ದಿನಗಳಿಗೆ ಹಣ ಕೊಡುವ ವಿಮೆ, ಆಮೇಲಿನ ಬಾಳಿಡೀ ಬೇಕಾಗುವ ಮಾತ್ರೆಗೂ ಪರೀಕ್ಷೆಗೂ ಸಾಮಾನ್ಯವಾಗಿ ಕೈ ಚಾಚುವುದಿಲ್ಲ. ಕತ್ತರಿಗೆ ಲಕ್ಷಗಟ್ಟಲೆ, ಗುಳಿಗೆಗೆ ಸೊನ್ನೆ! ದೊಡ್ಡ ಊರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ತಾಲ್ಲೂಕಿಗೆ ಮರಳಿದವರಿಗೆ ಅಲ್ಲಿನ ವೈದ್ಯರೇ ಗತಿ. ಒಳಗೆ ಯಾವ ಕರುಳನ್ನು ಎಲ್ಲಿಗೆ ಜೋಡಿಸಿದೆಯೆಂಬುದು ಅವರಿಗೆ ತಿಳಿಯದು.

ಹೀಗಿರಲಾಗಿ ನಮ್ಮ ಅಭಿಪ್ರಾಯದಲ್ಲಿ ಆಗತಕ್ಕ ಕೆಲಸಗಳು ಇವು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಕಾಗದದಲ್ಲಿಯೇ, ಸುಣ್ಣವನ್ನೂ ಜೀವಸತ್ತ್ವಗಳನ್ನೂ ಜೀವಮಾನವಿಡೀ ತೆಗೆದುಕೊಳ್ಳಬೇಕಾಗುವುದೆಂದು ದಪ್ಪಕ್ಷರದಲ್ಲಿ ಬರೆದಿರಬೇಕು. ಅದಕ್ಕೆ ಒಪ್ಪಲಾರದವರಿಗೆ ಕತ್ತರಿಯೇ ಬೇಡ. ತೂಕ ಇಳಿದವರ ಚಿತ್ರವನ್ನು ಜಾಹೀರಾತಿನಲ್ಲಿ ಹಾಕುವ ಆಸ್ಪತ್ರೆ ಈ ಮಾತನ್ನೂ ಅದೇ ಜಾಹೀರಾತಿನಲ್ಲಿ ಹೇಳಲಿ. ಮನೆಗೆ ಮರಳುವಾಗ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಸೇರಬೇಕು: ಆದ ಶಸ್ತ್ರಚಿಕಿತ್ಸೆ ಯಾವುದು, ನಿಜವಾದ ಸುಣ್ಣ ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ಪರೀಕ್ಷೆ ಯಾವ ತಿಂಗಳಲ್ಲಿ. ಊರಿನ ವೈದ್ಯರಿಗೆ ಅದ ರ ಇನ್ನೊಂದು ಪ್ರತಿ ಹೋಗಬೇಕು. ವಿಮೆಯವರು ವರ್ಷಕ್ಕೊಮ್ಮೆಯ ಪರೀಕ್ಷೆಯ ಖರ್ಚನ್ನಾದರೂ ವಹಿಸಿಕೊಳ್ಳುವುದು ಅವರ ಹಿತಕ್ಕೇ ಒಳ್ಳೆಯದು. ಮುರಿದ ಸೊಂಟದ ಚಿಕಿತ್ಸೆ ಪರೀಕ್ಷೆಗಿಂತ ಎಷ್ಟೋ ಪಾಲು ದುಬಾರಿ. ೨೦೨೫ರಲ್ಲಿ ತೂಕ ಇಳಿಸುವ ಹೊಸ ಸೂಜಿಮದ್ದುಗಳು ನಮ್ಮ ಪೇಟೆಗೂ ಬಂದಿವೆ. ಇನ್ನು ಶಸ್ತ್ರಚಿಕಿತ್ಸೆಯ ಮಾತೇಕೆ ಎನ್ನಬಹುದು. ಈಗಾಗಲೇ ಕರುಳಿನ ದಾರಿ ಬದಲಾದವರಿಗೆ ಆ ಮಾತಿನಿಂದ ಪ್ರಯೋಜನವಿಲ್ಲ.

ಆ ಚೀಟಿ ಕನ್ನಡದಲ್ಲಿರಬೇಕೆಂದು ಬೇರೆಯಾಗಿ ಹೇಳಬೇಕಾಗಿ ಬಂದಿರುವುದೇ ವಿಷಾದದ ಸಂಗತಿ. ವೈದ್ಯವಿಷಯವನ್ನು ಕನ್ನಡ ತಾಳಲಾರದೆಂಬ ಮಾತನ್ನು ಡಾ. ಎಂ. ಶಿವರಾಂ ಅವರ ‘ಮನಮಂಥನ’ವೂ ಅನುಪಮಾ ನಿರಂಜನರ ‘ತಾಯಿ-ಮಗು’ವೂ ಎಂದೋ ಸುಳ್ಳಾಗಿಸಿವೆ. ಬಸುರಿ ಬಾಣಂತಿಯರ ಮನೆಗೆ ಕನ್ನಡದಲ್ಲಿ ವೈದ್ಯಶಾಸ್ತ್ರವನ್ನು ತಲಪಿಸಿದ ಆ ಪರಂಪರೆ, ಹೊಸ ಕಾಲದ ಹೊಸ ಚಿಕಿತ್ಸೆಗಳೆದುರು ಬಾಯಿ ಮುಚ್ಚಿ ನಿಲ್ಲಬೇಕಾಗಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಅಧ್ಯಾಪಕರು ‘ಜೀವಸತ್ತ್ವಗಳು’ ಎಂಬ ಪಾಠವನ್ನು ಪರೀಕ್ಷೆಯ ಪ್ರಶ್ನೆಗಾಗಿ ಬಾಯಿಪಾಠ ಮಾಡಿಸುವುದರ ಬದಲು, ಮಾತ್ರೆಯ ಡಬ್ಬಿಯೊಂದನ್ನು ತರಗತಿಗೆ ತಂದು ಅದರ ಅಂಕಿಗಳನ್ನು ಬಿಡಿಸಿ ತೋರಿಸಲಿ. ನೂರಕ್ಕೆ ೨೧ ಪಾಲು ಎಂಬ ಲೆಕ್ಕ ಏಳನೆಯ ತರಗತಿಯ ಹುಡುಗನಿಗೆ ಬಾರದ್ದಲ್ಲ. ಅದನ್ನು ಕಲಿತ ಹುಡುಗ ಮನೆಗೆ ಹೋಗಿ ತನ್ನ ಅತ್ತೆಯದೋ ದೊಡ್ಡಮ್ಮನದೋ ಮಾತ್ರೆಯ ಡಬ್ಬಿಯನ್ನು ತಿರುಗಿಸಿ ನೋಡಿಯಾನು. ಎಷ್ಟೋ ಆಸ್ಪತ್ರೆಗಳು ಮಾಡದ ಉಪಕಾರವನ್ನು ಅವನು ಮಾಡಿದಂತಾಗುತ್ತದೆ.

ತೂಕದ ಯಂತ್ರ ಪ್ರತಿದಿನವೂ ಒಂದು ಅಂಕಿಯನ್ನು ತೋರಿಸುತ್ತದೆ. ನಾವು ಅದನ್ನು ನೋಡಿ ಹಿಗ್ಗುತ್ತೇವೆ ಅಥವಾ ಕುಗ್ಗುತ್ತೇವೆ. ಎಲುಬಿಗೆ ಅಂಥ ಯಂತ್ರ ಮನೆಯಲ್ಲಿಲ್ಲ. ಅದು ಮುರಿಯುವ ದಿನದವರೆಗೆ ಬಾಯಿ ಬಿಡುವುದೂ ಇಲ್ಲ. ಅದರ ಪರವಾಗಿ ಲೆಕ್ಕ ಇಡುವವರು ಬೇಕು. ಆ ಲೆಕ್ಕ ಶಸ್ತ್ರಚಿಕಿತ್ಸೆಯಾದವರೊಬ್ಬರದೇ ಅಲ್ಲ. ಶಸ್ತ್ರ ಹಿಡಿದ ವೈದ್ಯರದು, ಮನೆಯವರದು, ಊರಿನ ವೈದ್ಯರದು, ಹಣ ಕೊಡುವವರದು. ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಯದು. ಅಲ್ಲಿಂದ ಮುಂದಿನ ಮೂವತ್ತು ನಲವತ್ತು ವರ್ಷಗಳ ಕೆಲಸವನ್ನು ಯಾರು ಮಾಡುತ್ತಾರೆಂಬುದನ್ನು ಗೊತ್ತುಮಾಡಿಕೊಂಡೇ ಆ ಮೇಜಿನ ಮೇಲೆ ಮಲಗುವುದು, ಮಲಗಿಸುವುದು ಉಚಿತ.